ಮೆಟಾಲಿಕಾದ ಆ ಟಣ್ ಟಣ್ ಡ್ರಮ್

ಟಣ್, ಟಣ್, ಟಣ್! 2003ರಲ್ಲಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಸೇಂಟ್ ಆಂಗರ್’ ಆಲ್ಬಮ್ ಬಂದಾಗ ಅಭಿಮಾನಿಗಳೇ ಕಿವಿ ಮುಚ್ಚಿಕೊಂಡಿದ್ದರು. ಸ್ನೇರ್ ಡ್ರಮ್ಮಿನ ಅಡಿಯಲ್ಲಿ ಚರ್ ಎನ್ನುವ ತಂತಿಗಳಿರುತ್ತವಲ್ಲ, ಡ್ರಮ್ಮರ್ ಲಾರ್ಸ್ ಉಲ್ರಿಕ್ ಅವನ್ನು ಸಡಿಲ ಬಿಟ್ಟೇ ಬಾರಿಸಿದ್ದ. ಅದಕ್ಕೇ ಪಾತ್ರೆ ಬಡಿದಂಥ ಸದ್ದು. ಸಾಲದ್ದಕ್ಕೆ ಒಂದೇ ಒಂದು ಗಿಟಾರ್ ಸೋಲೋ ಇಲ್ಲ. ಕರ್ಕ್ ಹ್ಯಾಮೆಟ್‌ನಂಥ ಗಿಟಾರಿಸ್ಟನನ್ನು ಇಟ್ಟುಕೊಂಡು!

2004ರಲ್ಲಿ ಈ ಆಲ್ಬಮ್ ತಯಾರಾದ ಕಥೆ ಹೇಳುವ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಸಾಕ್ಷ್ಯಚಿತ್ರ ಬಂತು. ಬಾಸ್ ನುಡಿಸುವವನು ಬಿಟ್ಟುಹೋಗಿದ್ದಾನೆ. ಗಾಯಕ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಹೋಗಿ ತಿಂಗಳುಗಟ್ಟಲೆ ಇಲ್ಲ. ಬಂದ ಮೇಲೂ ಥೆರಪಿಸ್ಟ್ ಎದುರಿಗೇ ಜಟಾಪಟಿ. ಇದನ್ನು ನೋಡಿದ ಎಷ್ಟೋ ಮಂದಿಗೆ ಆ ಒರಟು ಸದ್ದು ಬೇರೆಯಾಗಿಯೇ ಕೇಳಿಸತೊಡಗಿತು. ಈಗ ಅದನ್ನು ಪ್ರಾಮಾಣಿಕ ಆಲ್ಬಮ್ ಎಂದು ಎತ್ತಿ ಹಿಡಿಯುವವರೂ ಇದ್ದಾರೆ. ನಾನೂ ಒಪ್ಪುತ್ತೇನೆ. ಆದರೆ 75 ನಿಮಿಷ? ಅದು ಮಾತ್ರ ಇವತ್ತಿಗೂ ಅತಿಯಾಯಿತು.