ಬಲತುದಿಯ ಭಾವನವರು

“ಏನಪ್ಪಾ, ನಮ್ಮ ಭಾವನೋರ ಮುಖಕ್ಕೆ ಮಸಿ ಬಳಿದಿದೀಯಲ್ಲ!”

ಮದುವೆಯಾಗಿ ತಿಂಗಳಾದ ಮೇಲೆ ಹುಡುಗಿಯ ದೊಡ್ಡಪ್ಪ ಆಲ್ಬಂ ಹಿಡಿದುಕೊಂಡು ಸ್ಟುಡಿಯೋಗೆ ಬಂದಿದ್ದರು. ಧಾರೆ ಮುಗಿದ ಮೇಲೆ ಹೆಣ್ಣಿನ ಕಡೆಯವರನ್ನೆಲ್ಲ ವೇದಿಕೆ ತುಂಬ ನಿಲ್ಲಿಸಿ, ಎಡಗಡೆ ಒಂದೇ ಒಂದು ಫ್ಲ್ಯಾಶ್ ಇಟ್ಟು ನಾನು ತೆಗೆದಿದ್ದ ಫೋಟೋ ಅದು. ಎಡತುದಿಯ ಮಕ್ಕಳ ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ಬಲತುದಿಯಲ್ಲಿ ಭಾವನವರ ವಿಭೂತಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಮೇಲಿಂದ ಯಾವ ಗ್ರೂಪ್ ಫೋಟೋಗೆ ನಿಂತರೂ ನನ್ನ ಕಣ್ಣು ಮೊದಲು ಹೋಗುವುದು ಹಿಂದಿನ ಸಾಲಿನ ತುದಿಗೆ. ಅಲ್ಲಿ ನಿಂತವರು ಚೆನ್ನಾಗಿ ಬಂದರೆ ಮದುಮಕ್ಕಳು ಹೇಗೂ ಬಂದೇ ಬರುತ್ತಾರೆ.

ಫ್ಲ್ಯಾಶ್ ಸರಿಯಾಗಿಯೇ ಇತ್ತು, ನಾನು ಇಟ್ಟ ಜಾಗ ಕೆಟ್ಟಿತ್ತು. ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಗುಂಪು 4 ಮೀಟರ್ ಅಗಲ ಇದೆ ಅನ್ನಿ. ಎಡತುದಿಯವರ ನೇರ ಎದುರಿಗೆ 2 ಮೀಟರ್ ದೂರದಲ್ಲಿ ಫ್ಲ್ಯಾಶ್ ನಿಲ್ಲಿಸಿದರೆ ಅವರಿಗೆ ಸಿಕ್ಕಿದ್ದರಲ್ಲಿ ಐದನೇ ಒಂದು ಪಾಲು ಮಾತ್ರ ಬಲತುದಿಗೆ ತಲುಪುತ್ತದೆ. ಅದನ್ನೇ 4 ಮೀಟರಿಗೆ ಹಿಂದೆ ಸರಿಸಿದರೆ ಅರ್ಧ ತಲುಪುತ್ತದೆ. ಆ 4 ಮೀಟರ್ ದೂರದಲ್ಲೇ ಗುಂಪಿನ ನಡುವಿಗೆ, ಕ್ಯಾಮೆರಾ ಪಕ್ಕಕ್ಕೆ ತಂದುಬಿಟ್ಟರೆ ನಡುವಿನವರಿಗಿಂತ ತುದಿಯವರಿಗೆ ಐದನೇ ಒಂದು ಪಾಲಷ್ಟೇ ಕಮ್ಮಿ. ಆಲ್ಬಂನಲ್ಲಿ ಅದು ಗೊತ್ತೇ ಆಗುವುದಿಲ್ಲ. ಲೈಟು ಹತ್ತಿರ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಒಬ್ಬರ ಫೋಟೋಗೆ ಸರಿ. ಇಪ್ಪತ್ತು ಜನರಿದ್ದಾಗ ಲೈಟನ್ನು ಹಿಂದಕ್ಕೆ ತಳ್ಳಬೇಕು, ಕಮ್ಮಿಯಾದ ಬೆಳಕನ್ನು ಐಎಸ್‌ಓ 800ರವರೆಗೆ ಏರಿಸಿ ತುಂಬಿಕೊಳ್ಳಬೇಕು.

ಎರಡು ಫ್ಲ್ಯಾಶ್ ಇದ್ದರೆ ಕ್ಯಾಮೆರಾದ ಆಚೆಗೊಂದು ಈಚೆಗೊಂದು ಇಟ್ಟು, ಬಿಳಿ ಅಂಬ್ರೆಲಾ ಹಾಕಿ, ಎಡದ್ದನ್ನು ಬಲತುದಿಗೂ ಬಲದ್ದನ್ನು ಎಡತುದಿಗೂ ತಿರುಗಿಸಿ. ಸ್ಟ್ಯಾಂಡ್ ಎಂಟು ಅಡಿಯಾದರೂ ಎತ್ತರ ಇರಲಿ. ಕೆಳಗಿಟ್ಟರೆ ಮುಂದಿನವರ ತಲೆಯ ನೆರಳು ಹಿಂದಿನವರ ಮುಖದ ಮೇಲೆ ಕೂರುತ್ತದೆ. ಎತ್ತರದಲ್ಲಿದ್ದರೆ ಕನ್ನಡಕದ ಹೊಳಪೂ ಎಷ್ಟೋ ತಪ್ಪುತ್ತದೆ. ಆಗಲೂ ಹೊಳೆದರೆ “ಸರ್, ಗಲ್ಲ ಒಂಚೂರು ಕೆಳಗೆ” ಎಂದರೆ ಸಾಕು.

ವೇದಿಕೆಯ ಗುಲಾಬಿ-ನೀಲಿ ಲೈಟುಗಳು ನನ್ನ ಹಳೇ ವೈರಿಗಳು. ಮುಖದ ಒಂದು ಕೆನ್ನೆ ನೀಲಿ, ಇನ್ನೊಂದು ಗುಲಾಬಿಯಾದರೆ ಕಂಪ್ಯೂಟರಿನಲ್ಲಿ ಒಂದನ್ನು ಸರಿಮಾಡುವಾಗ ಇನ್ನೊಂದು ಕೆಡುತ್ತದೆ. ಡೆಕೊರೇಷನ್ ಹುಡುಗರಿಗೆ ಮೊದಲೇ ಕಾಫಿ ಕೊಡಿಸಿ, ಗ್ರೂಪ್ ಫೋಟೋ ಹೊತ್ತಿಗೆ ಹತ್ತು ನಿಮಿಷ ಆರಿಸಲು ಒಪ್ಪಿಸಿಕೊಳ್ಳಿ. ಹಿಂದೆ ಎಲ್‌ಇಡಿ ಪರದೆ ಇದ್ದು ಫೋಟೋದಲ್ಲಿ ಕಪ್ಪು ಪಟ್ಟೆ ಬಂದರೆ ಶಟರನ್ನು 1/100 ಅಥವಾ 1/60ಕ್ಕೆ ಇಳಿಸಿ ನೋಡಿ.

ಇನ್ನು ಲೆನ್ಸು. ಜಾಗ ಸಾಲದು ಎಂದು 16 ಅಥವಾ 24 ಎಂಎಂ ಹಾಕಿದರೆ ತುದಿಯವರ ಮುಖ ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ಮೈಕೈ ತುಂಬಿದ ಅತ್ತೆಯನ್ನು ಅಲ್ಲಿ ನಿಲ್ಲಿಸಿದರೆ ಮುಂದಿನ ಮದುವೆಯ ಆರ್ಡರ್ ಮರೆತುಬಿಡಿ. ಹಾಲಿನ ಮುಂದಿನ ಎರಡು ಸಾಲು ಕುರ್ಚಿ ಎತ್ತಿಸಿ, ಹಿಂದೆ ಹೋಗಿ, 35 ಅಥವಾ 50 ಎಂಎಂನಲ್ಲಿ ತೆಗೆಯಿರಿ. ಹಿನ್ನೆಲೆ ಮಸುಕಾಗಲಿ ಎಂಬ ಆಸೆ ಇಲ್ಲಿ ಬೇಡ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ, ಎಫ್ 2.8 ಇಟ್ಟು 4 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಆಳ ಒಂದು ಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಮೂರು ಸಾಲು ಅದರಲ್ಲಿ ಹಿಡಿಸುವುದಿಲ್ಲ. ಎಫ್ 8ಕ್ಕೆ ಹೋದರೆ ಮೂರೂವರೆ ಮೀಟರ್ ಸಿಗುತ್ತದೆ. ಫೋಕಸ್ ನಡುವಿನ ಸಾಲಿನ ಕಣ್ಣಿಗೆ.

ಜನರನ್ನು ಜೋಡಿಸುವುದು ನಿಜಕ್ಕೂ ಫೋಟೋಗ್ರಾಫರನ ಕೈಯಲ್ಲಿಲ್ಲ. ಯಾರು ಚಿಕ್ಕಪ್ಪ, ಯಾರು ಷಡ್ಡಕ, ಯಾರು ಯಾರ ಪಕ್ಕ ನಿಲ್ಲುವುದಿಲ್ಲ, ಇದೆಲ್ಲ ಮನೆಯ ಒಬ್ಬರಿಗೆ ಗೊತ್ತಿರುತ್ತದೆ. ಸಾಮಾನ್ಯವಾಗಿ ಗಟ್ಟಿ ಗಂಟಲಿನ ಸೋದರತ್ತೆಗೆ. ಅವರನ್ನು ಹಿಂದಿನ ದಿನವೇ ಹಿಡಿದುಕೊಳ್ಳಿ. ಅಜ್ಜ-ಅಜ್ಜಿ ಮದುಮಕ್ಕಳ ಅಕ್ಕಪಕ್ಕ ಕುರ್ಚಿಯಲ್ಲಿ, ಮಕ್ಕಳು ಮುಂದೆ ಜಮಖಾನದ ಮೇಲೆ, ಉಳಿದವರು ಹಿಂದೆ. ನಿಂತವರು ಭುಜವನ್ನು ಮದುಮಕ್ಕಳ ಕಡೆ ಓರೆ ಮಾಡಿದರೆ ಆರು ಜನರ ಜಾಗದಲ್ಲಿ ಎಂಟು ಜನ ಹಿಡಿಸುತ್ತಾರೆ. ಹಿಂದಿನವರ ತಲೆ ಮುಂದಿನ ಇಬ್ಬರ ನಡುವಿನ ಸಂದಿಗೆ ಬರಲಿ. “ನನ್ನ ಕ್ಯಾಮೆರಾ ನಿಮಗೆ ಪೂರ್ತಿ ಕಾಣ್ತಿದೆಯಾ ಅಕ್ಕ? ಕಾಣದಿದ್ರೆ ನಾನೂ ನಿಮ್ಮನ್ನ ನೋಡ್ತಿಲ್ಲ” ಎಂದರೆ ಅವರೇ ಸರಿದುಕೊಳ್ಳುತ್ತಾರೆ. ಹೆಚ್ಚು ಸಾಲಿದ್ದರೆ ನೀವೇ ಒಂದು ಕುರ್ಚಿ ಹತ್ತಿ.

ಕಣ್ಣು ಮುಚ್ಚುವವರ ಸಂಗತಿಗೆ ಒಂದು ಲೆಕ್ಕವೇ ಇದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಗೆದ್ದರು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಗುಂಪಿನಲ್ಲಿ ಇಪ್ಪತ್ತಕ್ಕಿಂತ ಕಮ್ಮಿ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ, ಕಮ್ಮಿ ಬೆಳಕಿನಲ್ಲಿ ಎರಡರಿಂದ ಭಾಗಿಸಿ. ಬಂದಷ್ಟು ಫೋಟೋ ತೆಗೆಯಿರಿ. ಹದಿನೆಂಟು ಜನಕ್ಕೆ ಆರು ಅಥವಾ ಒಂಬತ್ತು. ಇಷ್ಟನ್ನು ಬೇಗಬೇಗ ತೆಗೆಯಬೇಕಾದರೆ ಫ್ಲ್ಯಾಶನ್ನು ಮ್ಯಾನ್ಯುಯಲ್‌ನಲ್ಲಿ, ಕಾಲು ಶಕ್ತಿಯ ಸುತ್ತಮುತ್ತ ಇಡಿ. ಪೂರ್ಣ ಶಕ್ತಿಯಲ್ಲಿ ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಜನ ಚದುರುತ್ತಾರೆ. ಕ್ಯಾಮೆರಾವೇ ಫ್ಲ್ಯಾಶಿನ ಶಕ್ತಿ ನಿರ್ಧರಿಸುವ ಟಿಟಿಎಲ್‌ನಲ್ಲಿ ಮುನ್ನ ಮಿಂಚುವ ಸಣ್ಣ ಬೆಳಕಿಗೇ ಕೆಲವರು ಕಣ್ಣು ಮಿಟುಕಿಸುತ್ತಾರೆ.

ಮನೆ ಮುಂದಿನ ಚಪ್ಪರದಲ್ಲಾದರೆ ಬೇರೆ ತಾಪತ್ರಯ. ತೆಂಗಿನ ಗರಿಯ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತವೆ. ಕೆಂಪು ಶಾಮಿಯಾನದಡಿ ಎಲ್ಲರಿಗೂ ಜ್ವರ ಬಂದ ಬಣ್ಣ. ಜನರನ್ನು ಮನೆಯದೇ ನೆರಳಿನ ಅಂಚಿಗೆ ತಂದು, ತೆರೆದ ಆಕಾಶದ ಕಡೆ ಮುಖ ಮಾಡಿಸಿದರೆ ಫ್ಲ್ಯಾಶೇ ಬೇಕಾಗದಿರಬಹುದು.

ಎಲ್ಲಿ ತೆಗೆದರೂ ತೆಗೆದ ಕೂಡಲೇ ಯಾರನ್ನೂ ಬಿಡಬೇಡಿ. ಕ್ಯಾಮೆರಾದ ಪರದೆಯಲ್ಲಿ ಹಿಂದಿನ ಸಾಲಿನ ಎರಡೂ ತುದಿಯನ್ನು ದೊಡ್ಡದು ಮಾಡಿ ನೋಡಿ: ಮುಖ ಕಾಣುತ್ತಿದೆಯೇ, ಕಣ್ಣು ತೆರೆದಿದೆಯೇ, ಯಾರದೋ ಪೇಟ ಅಡ್ಡ ಬಂದಿದೆಯೇ. ಅಷ್ಟು ಹೊತ್ತು ಸೋದರತ್ತೆ ಅವರನ್ನು ತಡೆದಿರಲಿ. ಕೆಳಗೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿರುತ್ತಾರೆ.