ಬಟ್ಟೆಯ ಕಡತ, ಮಳೆಗಾಲದ ಡೈರಿ

‘ಕಡತ ಇನ್ನೂ ಮೇಲಿಂದ ಬಂದಿಲ್ಲ, ಮುಂದಿನ ವಾರ ಬನ್ನಿ.’ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ಒಮ್ಮೆಯಾದರೂ ಕೇಳಿದ ಮಾತಿದು. ಮಲೆನಾಡಿನ ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಕಡತ ಎಂದರೆ ಈಗ ಟ್ಯಾಗು ಹಾಕಿ ಬಿಗಿದ ಕಾಗದದ ಕಂತೆ. ತಮಾಷೆಯೆಂದರೆ, ಈ ಹೆಸರಿನ ಮೂಲ ವಸ್ತುವಿನಲ್ಲಿ ಕಾಗದವೇ ಇರಲಿಲ್ಲ. ಅದು ಬಟ್ಟೆಯ ಪುಸ್ತಕ. ಕಪ್ಪು ಹಾಳೆ, ಬಿಳಿ ಅಕ್ಷರ. ಬರೆಯುವುದು ಬಳಪದಲ್ಲಿ, ಬೇಡವಾದರೆ ಒರೆಸುವುದು ಬಟ್ಟೆ ಚೂರಿನಲ್ಲಿ.

ಈಚೆಗೆ ದಿನಚರಿ ಬರೆಯುವ ಹುಚ್ಚು ಹುಡುಗರಲ್ಲಿ ಮತ್ತೆ ಕಾಣುತ್ತಿದೆ. ಇಂಕು ಪೆನ್ನಿಗೆ ಯಾವ ನೋಟ್‌ಬುಕ್ ಒಳ್ಳೆಯದು, ಜೆಲ್ ಪೆನ್ನಿಗೆ ಯಾವುದು ಎಂದು ಕೇಳುತ್ತಾರೆ. ಅಂಗಡಿಯವರು ರಟ್ಟು ಚೆಂದ ಇರುವುದನ್ನು ತೋರಿಸಿ ಕಳಿಸುತ್ತಾರೆ. ನಾನಾದರೆ ಕಡತದ ಕಥೆ ಹೇಳಿ ಶುರುಮಾಡುತ್ತೇನೆ. ಬರೆಯುವ ಸಾಧನಕ್ಕೂ ಬರೆಸಿಕೊಳ್ಳುವ ಹಾಳೆಗೂ ಜಾತಕ ಕೂಡಬೇಕು ಎಂಬುದನ್ನು ನಮ್ಮ ಕಡೆಯ ಶಾನುಭೋಗರು ಎಂದೋ ಅರಿತಿದ್ದರು.

ಕಡತ ಮಾಡುವ ಬಗೆ ಹೀಗೆ. ಉದ್ದನೆಯ ಹತ್ತಿ ಬಟ್ಟೆಯ ಪಟ್ಟಿ ತೆಗೆದುಕೊಂಡು, ಹುಣಸೆ ಬೀಜ ಅರೆದು ಕಾಯಿಸಿದ ಅಂಟಿಗೆ ಇದ್ದಿಲ ಪುಡಿ ಕಲಸಿ ಎರಡೂ ಮುಖಕ್ಕೆ ಬಳಿಯುತ್ತಾರೆ. ಚೆನ್ನಾಗಿ ಒಣಗಿದ ಮೇಲೆ ಕತ್ತರಿಸದೆ, ಒಂದೇ ಅಳತೆಗೆ ಹಿಂದಕ್ಕೂ ಮುಂದಕ್ಕೂ ಮಡಚುತ್ತಾರೆ. ಎರಡು ತುದಿಗೆ ಮರದ ಹಲಗೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಿಂದ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದರ ಅಳತೆಯನ್ನೇ ಕೊಟ್ಟಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಹಲಗೆಗೆ ಬಣ್ಣ, ಮೇಲೆ ವಾರ್ನಿಷು. ಬರೆದದ್ದನ್ನು ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದು. ಸ್ಲೇಟು, ಲೆಡ್ಜರು ಎರಡೂ ಒಂದರಲ್ಲೇ ಆಯಿತಲ್ಲ!

ಒರೆಸಲು ಬರುವ ಪುಸ್ತಕದಲ್ಲಿ ಲೆಕ್ಕ ಇಡುವುದೆಂದರೆ ನಮಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಆ ಬಳಪದ ಗೆರೆ ಗಟ್ಟಿ. ಮಡಚಿಟ್ಟರೆ ನೂರಾರು ವರ್ಷ ಹಾಗೇ ನಿಲ್ಲುತ್ತದೆ. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳನ್ನು ಓದಿ ಇತಿಹಾಸಕಾರರು ಪ್ರಕಟಿಸಿದ್ದಾರೆ. ಮಳೆಯ ಸೀಮೆಯಲ್ಲಿ ಇನ್ನೊಂದು ಅನುಕೂಲವನ್ನೂ ಗಮನಿಸಬೇಕು. ಬಳಪ ಒಣ ವಸ್ತು, ಅದು ಹಾಳೆಯೊಳಗೆ ಇಳಿಯುವುದಿಲ್ಲ, ಹರಡುವುದಿಲ್ಲ.

ಲೆಕ್ಕದ ವಿಷಯದಲ್ಲಿ ಮಲೆನಾಡು ಮೊದಲಿನಿಂದ ಜಾಗ್ರತೆಯ ನಾಡು. ಇಂದಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. ಅಲ್ಲಿ ಆಳಿದ ಶಿವಪ್ಪನಾಯಕ (1645–60) ಹೊಲ ಗದ್ದೆಗಳನ್ನು ಮಣ್ಣಿನ ಗುಣದಂತೆ ವಿಂಗಡಿಸಿ, ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಖರ್ಚು ಹುಟ್ಟುವಳಿ ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದ ಎಂಬ ಮಾತಿದೆ. ಅದೇ ಹೆಸರಾಂತ ‘ಶಿವಪ್ಪನಾಯಕನ ಶಿಸ್ತು’. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಊರಿನ ಹೆಸರೂ ಹೈದರನಗರವಾಗಿ, ಕೊನೆಗೆ ಬರೀ ನಗರವಾಯಿತು. ಅರಸರು ಹೋದರೂ ಲೆಕ್ಕ ಬರೆಯುವ ಕೈ ಮಾತ್ರ ನಿಲ್ಲಲಿಲ್ಲ.

ಲೆಕ್ಕಕ್ಕೆ ಕಡತವಾದರೆ, ಉಳಿಸಬೇಕಾದ ಗ್ರಂಥಕ್ಕೆ ಓಲೆಗರಿ. ಶ್ರೀತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ತಿಕ್ಕಿ ನಯಮಾಡಿ, ಕಂಟ ಎಂಬ ಕಬ್ಬಿಣದ ಮೊನೆಯಲ್ಲಿ ಕೊರೆಯುವುದು. ಕೊರೆದಾಗ ಅಕ್ಷರ ಕಾಣುವುದಿಲ್ಲ. ದೀಪದ ಕಾಡಿಗೆ ಬಳಿದು ಒರೆಸಿದಾಗ ಗೀರಿನಲ್ಲಿ ಮಸಿ ನಿಂತು ಎದ್ದುಬರುತ್ತದೆ. ಇಲ್ಲಿ ಮಸಿ ಮೇಲೆ ಕೂರುವುದಲ್ಲ, ಗರಿಯೊಳಗಿನ ಕಾಲುವೆಯಲ್ಲಿ ಕೂರುವುದು. ಹಾಗಾಗಿ ಹರಡುವ ಮಾತೇ ಇಲ್ಲ. ಕಟ್ಟನ್ನು ಬಟ್ಟೆ ಸುತ್ತಿ ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಹುಳುವಿನ ಭಯವೂ ಕಡಿಮೆ. ಇಂಥ ಗರಿಗಳನ್ನೂ ಹಳೆಯ ಕಾಗದಪತ್ರಗಳನ್ನೂ ಮನೆ ಮನೆ ತಿರುಗಿ ಕೂಡಿಸಿದವರು ಕೆಳದಿ ಗುಂಡಾಜೋಯಿಸರು. ಅವರು ಕಟ್ಟಿದ ಕೆಳದಿಯ ವಸ್ತುಸಂಗ್ರಹಾಲಯ ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಸಾಗರದಿಂದ ಕೆಳದಿಗೆ ಏಳೆಂಟು ಕಿ.ಮೀ. ಇಕ್ಕೇರಿಗೆ ಹೋಗಿ ಬರುವವರು ಅತ್ತಲೂ ಒಂದು ಗಳಿಗೆ ತಿರುಗಬಹುದು.

ಕಾಗದ ಬಂದಾಗ ಮಸಿಯೂ ಬದಲಾಯಿತು. ಅಳಲೆಕಾಯಿ ಕುದಿಸಿದ ಕಷಾಯಕ್ಕೆ ಅನ್ನಭೇದಿ ಬೆರೆಸಿದರೆ ಕಪ್ಪು ಮಸಿ. ಬರೆದಾಗ ತಿಳಿಯಾಗಿದ್ದು, ಗಾಳಿ ತಾಗುತ್ತ ಕಡುಗಪ್ಪಾಗುತ್ತದೆ. ನೀರಿಗೆ ಜಗ್ಗುವುದಿಲ್ಲ. ಆದರೆ ಅನ್ನಭೇದಿ ಹೆಚ್ಚಾದರೆ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಹಳೆಯ ಪತ್ರಗಳಲ್ಲಿ ಅಕ್ಷರವಿದ್ದ ಕಡೆ ಸಣ್ಣ ತೂತು ಕಂಡರೆ ಅದು ಹುಳುವಿನ ಕೆಲಸ ಎಂದುಕೊಳ್ಳಬೇಡಿ.

ಈಗಿನ ಡೈರಿಗೆ ಬರೋಣ. ನಮ್ಮ ಸೀಮೆಯಲ್ಲಿ ಡೈರಿ ಬರೆಯುವವರಲ್ಲಿ ಕವಿಗಳಿಗಿಂತ ಅಡಿಕೆ ಬೆಳೆಗಾರರೇ ಹೆಚ್ಚು ನಿಷ್ಠರು. ‘ಮೇಲಿನ ತೋಟಕ್ಕೆ ಮೊದಲ ಔಷಧಿ ಮುಗೀತು. ಮಧ್ಯಾಹ್ನದ ಮೇಲೆ ಮಳೆ. ಮೈಲುತುತ್ತ ಎರಡು ಕೆ.ಜಿ. ಉಳಿಕೆ.’ ಇಷ್ಟೇ ಒಂದು ದಿನದ ಬರಹ. ಆದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಎರಡನೇ ಸರದಿ ನಲವತ್ತು ನಲವತ್ತೈದು ದಿನಕ್ಕೆ ಬರಬೇಕು. ಆ ಲೆಕ್ಕ ತಪ್ಪಿದರೆ ಕಾಯಿ ಉದುರುತ್ತದೆ. ನನಗೆ ಗೊತ್ತಿರುವ ಒಬ್ಬ ಹಿರಿಯರ ಡೈರಿಯಲ್ಲಿ ಜೂನ್ ಮತ್ತು ಜುಲೈ ಪುಟಗಳ ಅಂಚಿಗೆಲ್ಲ ನೀಲಿ ಬೆರಳಚ್ಚು. ಅವರು ಆ ಪುಟಗಳಿಗೆ ಮುಟ್ಟಿಸುವುದು ಪೆನ್ಸಿಲ್ ಅಥವಾ ಬಾಲ್‌ಪೆನ್ನು ಮಾತ್ರ. ಇಂಕು ಪೆನ್ನು ದೀಪಾವಳಿಯ ನಂತರ, ಕೊಯ್ಲಿನ ಲೆಕ್ಕಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ಒಂದೆರಡು ಸಲ ಪುಟ ತೊಯ್ದು ಕಲಿತದ್ದು.

ಕಾಗದ ಎಷ್ಟಾದರೂ ನಾರು. ಗಾಳಿಯಲ್ಲಿರುವ ತೇವವನ್ನು ಹೀರಿ ಉಬ್ಬುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಹೊಸನಗರದವರನ್ನು ಕೇಳಿದರೆ ಹುಲಿಕಲ್ಲಿನದೇ ಜಾಸ್ತಿ ಎನ್ನುತ್ತಾರೆ, ಕೆಲವು ವರ್ಷ ಅದು ನಿಜವೂ ಹೌದು. ಅಂಥ ಹವೆಯಲ್ಲಿ ಬೆಂಗಳೂರಿನಲ್ಲಿ ಚೆನ್ನಾಗಿ ಬರೆಸಿಕೊಂಡ ನೋಟ್‌ಬುಕ್ಕೇ ಆಷಾಢದಲ್ಲಿ ಕೈಕೊಡುತ್ತದೆ. ಅಕ್ಷರಕ್ಕೆ ಮೀಸೆ ಮೂಡುತ್ತದೆ, ಇಂಕು ಹಿಂದಿನ ಪುಟಕ್ಕೆ ಇಳಿಯುತ್ತದೆ.

ಇದನ್ನು ತಡೆಯುವುದು ಕಾಗದದ ದಪ್ಪವಲ್ಲ, ಅದಕ್ಕೆ ಹಾಕಿದ ಅಂಟು. ಸೀರೆಗೆ ಗಂಜಿ ಹಾಕಿದಂತೆ ಕಾಗದಕ್ಕೂ ಗಿರಣಿಯಲ್ಲಿ ರಾಳ, ಪಿಷ್ಟ ಮುಂತಾದ್ದನ್ನು ಸೇರಿಸುತ್ತಾರೆ. ನ್ಯೂಸ್‌ಪ್ರಿಂಟಿಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಯಾವುದಾದರೂ ದಿನಪತ್ರಿಕೆಯ ಅಂಚಿನಲ್ಲಿ ಇಂಕು ಪೆನ್ನಿನಿಂದ ಒಂದು ಚುಕ್ಕಿ ಇಟ್ಟು ನೋಡಿ. ಶಾಲೆಯ ಸಾಮಾನ್ಯ ನೋಟ್‌ಬುಕ್ಕಿನ ಹಾಳೆ ಚದರ ಮೀಟರಿಗೆ ಐವತ್ತೈದು ಅರವತ್ತು ಗ್ರಾಂ ತೂಗುತ್ತದೆ. ಬಾಲ್‌ಪೆನ್ನಿಗೆ ಧಾರಾಳ ಸಾಕು. ಇಂಕು ಪೆನ್ನಿಗೆ ಎಂಬತ್ತರ ಮೇಲಿನದು ನೋಡಿ. ಹಾಗೆಂದು ನೂರು ಗ್ರಾಮಿನದೆಂದು ಕಣ್ಣುಮುಚ್ಚಿ ತರಬೇಡಿ. ಅಂಟು ಸಾಲದ ದಪ್ಪ ಹಾಳೆಗಿಂತ ಅಂಟು ಸರಿಯಿರುವ ತೆಳು ಹಾಳೆ ಮೇಲು. ತೀರಾ ನಯವಾದ ಹಾಳೆಯಲ್ಲಿ ಜೆಲ್ ಪೆನ್ನಿನ ಬರಹ ಬೇಗ ಒಣಗುವುದಿಲ್ಲ, ಎಡಗೈಯವರ ಅಂಗೈ ಕಪ್ಪಾಗುತ್ತದೆ. ಕೈಕಾಗದ ನೋಡಲು ಬಲು ಚೆಂದ, ಆದರೆ ಅದರ ನಾರು ನಿಬ್ಬಿಗೆ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಪೆನ್ಸಿಲ್ ಹಿಡಿಯಿರಿ, ಇಲ್ಲವೇ ಯಾರಿಗಾದರೂ ಉಡುಗೊರೆ ಕೊಡಿ.

ಅಂಗಡಿಯಲ್ಲಿ ನಾಚಿಕೆ ಬೇಡ. ನಿಮ್ಮದೇ ಪೆನ್ನು ಒಯ್ದು ಕೊನೆಯ ಹಾಳೆಯ ಮೂಲೆಯಲ್ಲಿ ಹೆಸರು ಬರೆಯಲು ಕೇಳಿ. ಒಂದು ನಿಮಿಷ ಬಿಟ್ಟು ತಿರುವಿ ನೋಡಿ. ಬೆನ್ನನ್ನೂ ಪರೀಕ್ಷಿಸಿ. ಪಿನ್ನು ಹೊಡೆದದ್ದಾದರೆ ನಮ್ಮ ಕಡೆ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ನಡುಪುಟಕ್ಕೆ ಕೆಂಪು ಕಲೆ. ಬರೀ ಅಂಟಿನ ಬೈಂಡಿಂಗ್ ತೇವಕ್ಕೆ ಬಿಡುತ್ತದೆ. ನೂಲಿನ ಹೊಲಿಗೆಯೇ ಸೈ. ಕಾಪಿಯರ್ ಹಾಳೆಯ ಕಟ್ಟು ಒಯ್ದು ಡೈರಿ ಹೊಲಿದುಕೊಡಿ ಎಂದಾಗ ಹಳೆಯ ಬೈಂಡರೊಬ್ಬರು ನನಗೆ ಹೇಳಿದ್ದು ಇನ್ನೂ ನೆನಪಿದೆ: ‘ಮಾರಾಯ್ರೆ, ಇದನ್ನ ಅರ್ಧಕ್ಕೆ ಮಡಚಿದ್ರೆ ಎಳೆ ಅಡ್ಡ ಬರ್ತದೆ. ಪುಸ್ತಕ ಬಿಡಿಸಿಟ್ರೆ ನಿಲ್ಲೂದಿಲ್ಲ. ಲೆಡ್ಜರ್ ಪೇಪರ್ ದೊಡ್ಡ ಶೀಟೇ ತನ್ನಿ.’ ತಂದೆ. ಆ ಡೈರಿ ಮೇಜಿನ ಮೇಲೆ ಅಂಗಾತ ಮಲಗುತ್ತದೆ, ಇಂಕನ್ನೂ ತಡೆಯುತ್ತದೆ.

ಮಲೆನಾಡಿಗೂ ಕಾಗದಕ್ಕೂ ಇನ್ನೊಂದು ನಂಟಿದೆ, ಅದು ಅಷ್ಟು ಸಿಹಿಯಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ನಮ್ಮ ಕಾಡಿನ ಬಿದಿರನ್ನು ಅರೆದು ಕಾಗದ ಮಾಡಿತು. ಆಮೇಲೆ ಅಕೇಶಿಯಾ ನೆಡುವುದಕ್ಕೆ 1980ರಲ್ಲಿ ನಲವತ್ತು ವರ್ಷದ ಗೇಣಿಗೆ ಸುಮಾರು 20 ಸಾವಿರ ಹೆಕ್ಟೇರ್ ಜಾಗ ಸಿಕ್ಕಿತು. ಕಾರ್ಖಾನೆಯ ಯಂತ್ರ ನಿಂತರೂ ನೆಡುತೋಪು ನಿಂತಿತ್ತು. 2020ರಲ್ಲಿ ಅವಧಿ ಮುಗಿದಾಗ ಮಲೆನಾಡಿನ ಜನ ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಎದ್ದರು. ಹಾಳೆ ಹರಿದು ಉಂಡೆಕಟ್ಟಿ ಎಸೆಯುವಾಗ ನನಗೆ ಆ ತೋಪು ನೆನಪಾಗುವುದುಂಟು.

ಕೊನೆಗೊಂದು ಕೋರಿಕೆ. ದೀಪಾವಳಿಗೆ ಮುಂಚೆ ಅಟ್ಟ ಗುಡಿಸುವಾಗ ಎರಡು ಹಲಗೆಯ ನಡುವೆ ಕಪ್ಪು ಬಟ್ಟೆ ಮಡಚಿಟ್ಟದ್ದು ಸಿಕ್ಕರೆ, ಧೂಳೆಂದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅದು ಒರೆಸಿದರೆ ಅಳಿಯುವಂತೆಯೇ ಮಾಡಿದ ಪುಸ್ತಕ. ಹಾಗೇ ಒಣ ಬಟ್ಟೆಯಲ್ಲಿ ಸುತ್ತಿ ಕೆಳದಿಗೆ ಒಯ್ದು ತೋರಿಸಿ.