ಹಿತ್ತಲಿನ ನೇರಳೆ ಗೆಣಸು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ಕೇಳುಗರಿಗೆ ಬಂಡೆಯ ಬೆಟ್ಟ, ಮರದ ಬೊಂಬೆ, ರೇಷ್ಮೆಗೂಡು, ಕೆಂಪೇಗೌಡರು ನೆನಪಾಗುವುದು ಸಹಜ. ಗೆಣಸು ಯಾರಿಗೂ ನೆನಪಾಗದು. ಆದರೆ ಸಂಕ್ರಾಂತಿಯ ದಿನ ಈ ಸೀಮೆಯ ಮನೆಗಳಲ್ಲಿ ಎಳ್ಳುಬೆಲ್ಲದ ಜೊತೆಗೆ ಬೆಂದ ಅವರೆಕಾಯಿ, ಕಡಲೆಕಾಯಿ, ಗೆಣಸು ಇರಲೇಬೇಕು. ಉಳಿದ ದಿನಗಳಲ್ಲಿ ಬಡವರ ತಿಂಡಿ ಎನಿಸಿಕೊಳ್ಳುವ ಈ ಬೇರು ಅಂದು ದೇವರ ಮುಂದಿನ ನೈವೇದ್ಯವಾಗುತ್ತದೆ. ಇದರದೇ ಬಳಗದ ನೇರಳೆ ಗೆಣಸನ್ನು ಮನೆಯಲ್ಲಿ ಬೆಳೆಯುವ, ಬೇಯಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ನಾನು ನಿವೃತ್ತನಾಗಿ ರಾಮನಗರದಲ್ಲಿ ನೆಲೆಸಿದ ಮೇಲೆ, ಕನಕಪುರದ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಒದ್ದೆ ಗೋಣಿಯಲ್ಲಿ ಸುತ್ತಿದ ಹತ್ತು ಬಳ್ಳಿತುಂಡುಗಳನ್ನೂ ಒಂದಿಷ್ಟು ಗೆಣಸುಗಳನ್ನೂ ತಂದುಕೊಟ್ಟ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ‘ಸಹಜ ಸಮೃದ್ಧ’ ಸಂಸ್ಥೆಯವರು ನಡೆಸಿದ ಗೆಡ್ಡೆಗೆಣಸು ಮೇಳವೊಂದರಲ್ಲಿ ಸಿಕ್ಕಿದ್ದನ್ನು ತನ್ನ ಹೊಲದಲ್ಲಿ ಬೆಳೆಸಿದ್ದನಂತೆ. “ಕೊಯ್ದು ನೋಡಿ ಮೇಷ್ಟ್ರೇ” ಎಂದ. ಕೊಯ್ದೆ. ಹಣ್ಣಾದ ಹಿಪ್ಪುನೇರಳೆಯನ್ನು ಹಿಸುಕಿದಾಗ ಬೆರಳಿಗೆ ಹತ್ತುವ ಬಣ್ಣವೇ ಒಳಗೆಲ್ಲ ತುಂಬಿತ್ತು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನೇರಳೆ ಗೆಣಸೆಂದು ಕೆಲವರು ಕರೆಯುವ ಇನ್ನೊಂದು ಬಳ್ಳಿಯುಂಟು. ಅದು ಮರವನ್ನೋ ಕೋಲನ್ನೋ ಸುತ್ತಿ ಮೇಲೇರುತ್ತದೆ. ಫಿಲಿಪ್ಪೀನ್ಸಿನವರು ‘ಉಬೆ’ ಎನ್ನುವುದು ಅದನ್ನೇ. ನಾನು ಹೇಳುತ್ತಿರುವುದು ನೆಲದ ಮೇಲೆ ಹರಿಯುವ ಸಿಹಿಗೆಣಸಿನ ಒಂದು ತಳಿ. ಆಲೂಗೆಡ್ಡೆ ಮಣ್ಣಿನೊಳಗೆ ಉಬ್ಬಿದ ಕಾಂಡ. ಆದುದರಿಂದಲೇ ಅದಕ್ಕೆ ಕಣ್ಣುಗಳು. ಸಿಹಿಗೆಣಸು ಉಬ್ಬಿದ ಬೇರು. ಅದರ ತವರು ಅಮೆರಿಕ ಖಂಡ. ಅಲ್ಲಿನ ‘ಬಟಾಟ’ ಎಂಬ ಹೆಸರು ಮೂಲತಃ ಸಿಹಿಗೆಣಸಿನದು. ನಮ್ಮ ಕರಾವಳಿಗೆ ಬರುವ ಹೊತ್ತಿಗೆ ಅದು ಆಲೂಗೆಡ್ಡೆಗೆ ಅಂಟಿಕೊಂಡು ‘ಬಟಾಟೆ’ಯಾಯಿತು. ಹೆಸರು ಕಳೆದುಕೊಂಡು ಬಂದ ಬೇರಿಗೆ ನಮ್ಮ ಜನ, ಕಾಡುಗೆಣಸು, ಮುಳ್ಳುಗೆಣಸು ಮುಂತಾದುವುಗಳ ಸಾಲಿನಲ್ಲಿ ಜಾಗ ಕೊಟ್ಟು, ಸಿಹಿಗೆಣಸೆಂದು ಕರೆದು ಮನೆಯವನನ್ನಾಗಿ ಮಾಡಿಕೊಂಡರು.

ಇನ್ನು ಬಣ್ಣದ ಮಾತು. ನಮ್ಮ ಮನೆಯಲ್ಲಿ ಮೊದಲ ಸಲ ಬೇಯಿಸಿದ ದಿನ ಒಂದು ಅನಾಹುತವಾಯಿತು. ನನ್ನ ಪತ್ನಿ ಸಿಪ್ಪೆ ತೆಗೆದು, ಹೋಳು ಮಾಡಿ, ಕೊಳವೆಬಾವಿಯ ನೀರಿನಲ್ಲಿ ಕುದಿಸಿದಳು. ಅರ್ಧ ಗಂಟೆಯಲ್ಲಿ ನೀರು ಹಸುರು ಬೆರೆತ ನೀಲಿಯಾಯಿತು. ಹೋಳಿನ ಅಂಚುಗಳೂ ಪಾಚಿ ಹಿಡಿದಂತೆ ಕಂಡವು. “ಇದೇನು ವಿಷವೋ ಏನೋ, ತಿನ್ನಬೇಡಿ” ಎಂದು ಪಾತ್ರೆಯನ್ನೇ ತಿಪ್ಪೆಗೆ ಸುರಿದಳು. ಮರುದಿನ ರಸಾಯನಶಾಸ್ತ್ರದ ಹಳೆಯ ಸಹೋದ್ಯೋಗಿಯನ್ನು ಕೇಳಿದೆ. ಅವರು ನಕ್ಕು, ಉಳಿದಿದ್ದ ಗೆಣಸಿನಲ್ಲಿ ಒಂದನ್ನು ತುರಿದು ನೀರಿಗೆ ಹಾಕಿ, ಒಂದು ಲೋಟಕ್ಕೆ ನಿಂಬೆರಸವನ್ನೂ ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡವನ್ನೂ ಬೆರೆಸಿದರು. ಮೊದಲನೆಯದು ದಾಸವಾಳದ ಕೆಂಪಾಯಿತು. ಎರಡನೆಯದು ನೀಲಿಗೆ ತಿರುಗಿ ಹಸುರಾಯಿತು.

ಈ ಬಣ್ಣಕ್ಕೆ ಆಂಥೋಸಯನಿನ್ ಎಂದು ಹೆಸರು. ನೇರಳೆಹಣ್ಣಿನಲ್ಲಿ, ಹಿಪ್ಪುನೇರಳೆಯ ಹಣ್ಣಿನಲ್ಲಿ ಇರುವುದೂ ಇದೇ ಬಗೆಯ ದ್ರವ್ಯ. ಹುಳಿಯ ಸಂಗಡ ಅದು ಕೆಂಪು, ಕ್ಷಾರದ ಸಂಗಡ ನೀಲಿ ಹಸುರು. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಷಾರದ ಅಂಶವಿದ್ದುದೇ ಆ ದಿನದ ಹಸುರಿಗೆ ಕಾರಣ. ವಿಷವೇನೂ ಇರಲಿಲ್ಲ, ಒಳ್ಳೆಯ ಗೆಣಸು ತಿಪ್ಪೆಗೆ ಹೋದದ್ದಷ್ಟೇ ನಷ್ಟ. ಬಜ್ಜಿಯ ಹಿಟ್ಟಿಗೆ ಸೋಡ ಹಾಕಿದರೂ ಹೀಗೆಯೇ ಆಗುತ್ತದೆ.

ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಹೊರತಂದಿರುವ ‘ಭೂ ಕೃಷ್ಣ’ ಎಂಬ ನೇರಳೆ ತಳಿಯ 100 ಗ್ರಾಂ ಗೆಣಸಿನಲ್ಲಿ ಸುಮಾರು 90 ಮಿಲಿಗ್ರಾಂ ಆಂಥೋಸಯನಿನ್ ಇದೆ. ಅದೇ ಸಂಸ್ಥೆಯ ‘ಭೂ ಸೋನಾ’ ಕಿತ್ತಳೆ ಬಣ್ಣದ್ದು. ಅದರಲ್ಲಿರುವುದು ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್. ಇವೆಲ್ಲ ಒಳ್ಳೆಯ ಪೋಷಕಾಂಶಗಳು ನಿಜ. ಆದರೆ ಬಣ್ಣವನ್ನು ಔಷಧಿಯೆಂದು ಭ್ರಮಿಸಬಾರದು. ಬಣ್ಣ ಯಾವುದಾದರೂ ಗೆಣಸಿನ ಪಿಷ್ಟ ಪಿಷ್ಟವೇ. ಸಕ್ಕರೆ ಕಾಯಿಲೆಯವರು ಅಳತೆಯಲ್ಲೇ ತಿನ್ನಬೇಕು.

ಬೆಳೆಯುವುದು ಕಷ್ಟವಲ್ಲ. ಬಳ್ಳಿಯ ತುದಿಯಿಂದ ಒಂದು ಗೇಣು ಉದ್ದದ, ನಾಲ್ಕಾರು ಗಿಣ್ಣುಗಳಿರುವ ತುಂಡನ್ನು ಕತ್ತರಿಸಬೇಕು. ನೆಲದಲ್ಲಾದರೆ ಎರಡಡಿ ಅಂತರದಲ್ಲಿ ಏರುಮಡಿ ಮಾಡಿ, ಏರಿನ ಮೇಲೆ ಗೇಣಿಗೊಂದರಂತೆ, ಎರಡು ಮೂರು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ಪಟ್ಟಣದವರಿಗೆ ಅಗಲವಾದ ಕುಂಡವೋ ಹಳೆಯ ಸಿಮೆಂಟಿನ ಚೀಲವೋ ಸಾಕು. ನಮ್ಮ ಕೆಮ್ಮಣ್ಣಿಗೆ ಮರಳನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ಸಡಿಲ ಮಾಡಿಕೊಂಡರಾಯಿತು, ನೀರು ನಿಲ್ಲಬಾರದು. ಗೌರಿಹಬ್ಬದ ಆಸುಪಾಸಿನಲ್ಲಿ ನೆಟ್ಟರೆ ನಾಲ್ಕು ತಿಂಗಳಿಗೆ, ಎಂದರೆ ಸಂಕ್ರಾಂತಿಯ ಹೊತ್ತಿಗೆ, ಅಗೆಯಬಹುದು.

ಹೆಚ್ಚು ಗೊಬ್ಬರ ಹಾಕುವುದು ಹೊಸಬರ ತಪ್ಪು. ಸೊಪ್ಪು ಸೊಕ್ಕಿ ಬೆಳೆದು, ಬುಡದಲ್ಲಿ ಬರೀ ನಾರು ಸಿಕ್ಕೀತು. ಬಳ್ಳಿ ಹರಿದಲ್ಲೆಲ್ಲ ಗಿಣ್ಣು ಬೇರು ಬಿಡುತ್ತದೆ. ಆಗಾಗ ಅದನ್ನು ಮೆಲ್ಲನೆ ಎತ್ತಿ ಹೊರಳಿಸುತ್ತಿದ್ದರೆ ಸತ್ತ್ವ ಬುಡಕ್ಕೆ ಇಳಿಯುತ್ತದೆ. ಬುಡಕ್ಕೆ ಮಣ್ಣೇರಿಸುವುದನ್ನು ಮರೆಯಬಾರದು. ಮಣ್ಣು ಬಿರುಕು ಬಿಟ್ಟರೆ ಸೊಂಡಿಲಿನಂತಹ ಮೂತಿಯ ಕೀಟವೊಂದು ಆ ದಾರಿಯಲ್ಲಿ ಇಳಿದು ಗೆಣಸನ್ನು ಕೊರೆಯುತ್ತದೆ. ಕೊರೆದ ಗೆಣಸು ಕಹಿ, ದುರ್ವಾಸನೆ, ತಿನ್ನತಕ್ಕದ್ದಲ್ಲ. ಬಲಿತಿದೆಯೆ ಎಂದು ತಿಳಿಯಲು ಒಂದನ್ನು ಕೊಯ್ದು ನೋಡಿ: ಬಲಿತ ಗೆಣಸಿನ ಕೊಯ್ದ ಭಾಗ ಹಾಗೆಯೇ ಒಣಗುತ್ತದೆ, ಎಳೆಯದು ಕಪ್ಪಾಗುತ್ತದೆ. ಅಗೆದೊಡನೆ ತೊಳೆಯದೆ, ನೆರಳಿನಲ್ಲಿ ಒಂದು ವಾರ ಹರಡಿದರೆ ಗಾಯ ಮಾಗಿ ಸಿಹಿಯೂ ಹೆಚ್ಚುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು. ಚಳಿಗೆ ಒಳಗೆ ಗಟ್ಟಿಯಾಗಿ ಕೆಡುತ್ತದೆ.

ಅಡುಗೆಯಲ್ಲಿ ನಾವು ಕಲಿತದ್ದು ಇಷ್ಟು. ಈ ಬಣ್ಣ ನೀರಿಗೆ ಬಿಟ್ಟುಹೋಗುವಂಥದು. ಆದುದರಿಂದ ಸಿಪ್ಪೆ ಸಮೇತ ಇಡ್ಲಿ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುವುದೇ ಲೇಸು. ಗೆಣಸಿನಲ್ಲಿರುವ ಕಿಣ್ವವೊಂದು ನಿಧಾನವಾದ ಕಾವಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಕಣದ ಅಂಚಿನಲ್ಲಿ ಕೆಂಡದ ಬೂದಿಗೆ ಹುದುಗಿಸಿದ ಗೆಣಸು, ಕುಕ್ಕರಿನಲ್ಲಿ ಅವಸರದಿಂದ ಬೆಂದ ಗೆಣಸಿಗಿಂತ ಸಿಹಿಯಾಗಿದ್ದುದಕ್ಕೆ ಇದೇ ಕಾರಣ. ನಮ್ಮ ಮನೆಯ ನೇರಳೆ ಗೆಣಸು ಬಿಳಿಯದಕ್ಕಿಂತ ಸಿಹಿಯಲ್ಲಿ ಕೊಂಚ ಕಡಿಮೆ, ಹಿಟ್ಟುಹಿಟ್ಟು ಜಾಸ್ತಿ. ಹೋಳಿಗೆಯ ಹೂರಣಕ್ಕೆ ಅದು ಹೇಳಿ ಮಾಡಿಸಿದಂತಿದೆ: ಬೆಂದುದನ್ನು ನಯವಾಗಿ ಮಸೆದು, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ, ನೀರಂಶ ಆರುವವರೆಗೆ ಬಾಣಲೆಯಲ್ಲಿ ಮಗುಚಬೇಕು. ಪಲ್ಯಕ್ಕೆ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಇಳಿಸಿದ ಮೇಲೆ ನಿಂಬೆರಸ. ಹಿಂಡುತ್ತಿದ್ದಂತೆ ಪಲ್ಯ ಕೆಂಪಾಗುವುದನ್ನು ನೋಡಲು ನನ್ನ ಮೊಮ್ಮಗಳು ಒಲೆಯ ಬಳಿ ಕಾಯುತ್ತಾಳೆ. ಎಳೆಯ ಕುಡಿ, ಎಲೆಗಳು ಸೊಪ್ಪಿನ ಸಾರಿಗೂ ಆಗುತ್ತವೆ.

ಇಷ್ಟನ್ನು ಯಾರೂ ಹೇಳಬಹುದು. ನಾನು ಹೇಳಲೇಬೇಕಾದ ಮಾತು ಬೇರೆ. ರಾಗಿ, ಅವರೆಗಳ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯಬಹುದು. ಗೆಣಸಿಗೆ ಆ ಅನುಕೂಲವಿಲ್ಲ. ಬೀಜ ಕಟ್ಟಿದರೂ ಅದರಿಂದ ಹುಟ್ಟಿದ ಗಿಡ ತಾಯಿಯಂತಿರುವುದಿಲ್ಲ. ನಮ್ಮ ಸೆಖೆಗೆ ಗೆಣಸೂ ಬಹುಕಾಲ ಉಳಿಯದು. ಬಳ್ಳಿ ಬೇಸಗೆ ದಾಟಿ ಬದುಕಿದ್ದರೆ ತಳಿ ಉಂಟು, ಇಲ್ಲವಾದರೆ ಇಲ್ಲ.

ಮಾಗಡಿಯ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ಕೆಂಪು ಸಿಪ್ಪೆಯ ಗೆಣಸೊಂದನ್ನು ಬಚ್ಚಲ ನೀರು ಹರಿಯುವಲ್ಲಿ ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಳು. ತವರಿನಿಂದ ತಂದದ್ದೆನ್ನುತ್ತಿದ್ದಳು. ಒಂದು ಬೇಸಗೆಯಲ್ಲಿ ಕಾಯಿಲೆ ಬಿದ್ದು ಪಟ್ಟಣದ ನನ್ನ ಮನೆಗೆ ಬಂದಳು. ಹಳ್ಳಿಯ ಮನೆಗೆ ಬೀಗ ಬಿತ್ತು, ಬಚ್ಚಲು ಒಣಗಿತು. “ಬಳ್ಳಿ ಐತೇನೋ ಮಗ?” ಎಂದು ಎರಡು ಮೂರು ಸಲ ಕೇಳಿದಳು. ಪರೀಕ್ಷೆಯ ಉತ್ತರಪತ್ರಿಕೆಗಳ ಗಡಿಬಿಡಿಯಲ್ಲಿ, ಹೋಗಿ ನೋಡದೆಯೇ “ಐತೆ ಕಣವ್ವ” ಎಂದೆ. ಅವಳು ಹೋದ ಮೇಲೆ ಹಿತ್ತಲಿಗೆ ಹೋದರೆ ಕಡ್ಡಿಯೂ ಉಳಿದಿರಲಿಲ್ಲ. ಸುತ್ತಲ ಮನೆಗಳಲ್ಲಿ ವಿಚಾರಿಸಿದೆ. ಎಲ್ಲರೂ ಅವ್ವನಿಂದಲೇ ಗೆಣಸು ತಿಂದವರು, ಬಳ್ಳಿ ಇಟ್ಟುಕೊಂಡವರು ಯಾರೂ ಇಲ್ಲ. ಆ ತಳಿಯ ಹೆಸರನ್ನು ಕೂಡ ನಾನು ಕೇಳಿಟ್ಟುಕೊಂಡಿರಲಿಲ್ಲ. ತರಗತಿಯಲ್ಲಿ ಶಬ್ದಗಳ ಹುಟ್ಟನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು.

ಆದ್ದರಿಂದ ನೇರಳೆ ಗೆಣಸಿನ ಬಳ್ಳಿ ಹಬ್ಬಿದೊಡನೆ ಮೂರು ಮನೆಗಳಿಗೆ ತುಂಡು ಕೊಟ್ಟೆ. ಕಳೆದ ಬೇಸಗೆಯಲ್ಲಿ ಮಗಳ ಮನೆಗೆ ಹೋಗಿ ಎರಡು ತಿಂಗಳು ಉಳಿದೆವು. ಹಿಂದಿರುಗಿದಾಗ ನಮ್ಮ ಕುಂಡಗಳು ಬರಿದಾಗಿದ್ದವು. ಚನ್ನಪಟ್ಟಣದ ಒಂದು ಮನೆಯಲ್ಲಿ ಬಳ್ಳಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಹಸುರಾಗಿತ್ತು. ಆ ಮನೆಯ ಹೆಣ್ಣುಮಗಳು ಹತ್ತು ತುಂಡು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, “ನಿಮ್ಮದೇ ಅಲ್ವಾ ಸಾರ್” ಎಂದು ಕೈಗಿತ್ತಳು. ಈ ಬಾರಿ ಗೌರಿಹಬ್ಬಕ್ಕೆ ಅವನ್ನೇ ನೆಟ್ಟಿದ್ದೇವೆ. ನೀವು ಬೆಳೆದರೂ ಅಷ್ಟು ಮಾಡಿ: ಗೆಣಸನ್ನು ತಿನ್ನುವ ಮೊದಲು ಬಳ್ಳಿಯನ್ನು ಇನ್ನೊಂದು ಮನೆಗೆ ಕೊಡಿ.